ಆಕಾಶದಿಂದ ಹಾರಿದವನು, ಬಾವಿಗೆ ಹಾರಿದವನು

ನನ್ನ ಅಣ್ಣ ಮಿಲಿಟರಿಯಲ್ಲಿ ವಿಮಾನದಿಂದ ಹಾರುತ್ತಿದ್ದ. ತಮ್ಮನೋ ಅಟ್ಟೂರಿನ ನಮ್ಮ ಬಾವಿಗೆ ಹಾರುತ್ತಿದ್ದ. ಅಮ್ಮ ಅತ್ತದ್ದೆಲ್ಲ ಅಣ್ಣನಿಗಾಗಿ. ಯಲಹಂಕದ ಕಡೆಯಿಂದ ವಿಮಾನದ ಸದ್ದು ಬಂದರೆ ಸಾಕು, ರಾಗಿ ಬೀಸುವುದನ್ನು ಬಿಟ್ಟು ಅಂಗಳಕ್ಕೆ ಓಡಿ ಕತ್ತೆತ್ತಿ ನೋಡುತ್ತಿದ್ದಳು. ಅವನಿರುವುದು ಎಲ್ಲೋ ಉತ್ತರದಲ್ಲಿ, ಈ ವಿಮಾನಕ್ಕೂ ಅವನಿಗೂ ಸಂಬಂಧವಿಲ್ಲ ಎಂದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮುನೇಶ್ವರನಿಗೆ ಕೋಳಿ ಹರಕೆ ಹೊತ್ತದ್ದೂ ಅವನ ಹೆಸರಿನಲ್ಲೇ. ತಮ್ಮನಿಗೆ ಒಂದು ಮೊಟ್ಟೆಯ ಹರಕೆಯೂ ಇರಲಿಲ್ಲ.

ನಾನು ಗಂಡನನ್ನು ಬಿಟ್ಟು ಸೋಲದೇವನಹಳ್ಳಿಯಿಂದ ತವರಿಗೆ ಬಂದು ಆಗ ಎರಡು ವರ್ಷ. ಯಾಕೆ ಬಿಟ್ಟೆ ಎಂಬುದು ಬೇರೆ ಮಾತು.

ನಮ್ಮದು ಕಪಿಲೆ ಬಾವಿ. ಎತ್ತು ಕಟ್ಟಿ ನೀರೆತ್ತಲು ಬಾವಿಯ ಬಾಯಿಗೆ ಎರಡು ಮರದ ಕಂಬ ನಿಲ್ಲಿಸಿ ಮೇಲೊಂದು ಅಡ್ಡಮರ ಹಾಕಿದ್ದರು. ಹುಡುಗರು ಆ ಅಡ್ಡಮರದ ಮೇಲಿಂದ ಹಾರುತ್ತಿದ್ದರು. ಬಾವಿಯ ಕಲ್ಲಿನ ಮೆಟ್ಟಿಲು ಅದೇ ಮಗ್ಗುಲಿಗೆ, ಕಂಬದ ಅಡಿಗೆ ಬರುತ್ತಿದ್ದುದರಿಂದ ನೀರು ಎಲ್ಲಿಗೆ ಇಳಿದಿದೆ ಎಂಬುದು ಮೇಲೆ ನಿಂತವನಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ. ಹಾರುವವನು ಮೇಲಿಂದ "ಎಷ್ಟ್ನೇ ಮೆಟ್ಲು?" ಎಂದು ಕೂಗುತ್ತಿದ್ದ. ಬೆಳಿಗ್ಗೆ ಮೊದಲು ನೀರಿಗೆ ಇಳಿದ ಹೆಂಗಸು ಹೇಳಬೇಕು. ಮೇಲಿಂದ ಎಣಿಸಿ ಹನ್ನೆರಡರ ಒಳಗಿದ್ದರೆ ಹಾರಬಹುದು. ಎತ್ತುಗಳು ದಿನವೆಲ್ಲ ಎಳೆದರೂ ನೀರು ಒಂದು ಮೆಟ್ಟಿಲಿಗಿಂತ ಹೆಚ್ಚು ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ ಮಾತು ಸಂಜೆಯವರೆಗೂ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಅಣ್ಣ ರಜಕ್ಕೆ ಬಂದ. ಊಟಕ್ಕೆ ಕೂತಾಗ ತಮ್ಮ ಅವನನ್ನು ಕೆಣಕಿದ.

"ಆಕಾಸ್ದಿಂದ ಆರೋವಾಗ ಎದೆ ಡವಡವ ಅನ್ನಲ್ವೇನಣ್ಣ?"

"ಅಂತೈತೆ. ಅದ್ಕೇ ಬೆನ್ನಿಗೊಂದು ಛತ್ರಿ, ಎದೆಗೊಂದು ಛತ್ರಿ. ಅದು ಬಿಚ್ದಿದ್ರೆ ಇದು. ಆರೋಕ್ ಮುಂಚೆ ಇಂದಿರೋನು ಮುಂದಿರೋನ ಪಟ್ಟಿ ಎಳ್ದು ನೋಡ್ತಾನೆ. ಗಾಳಿ ಜಾಸ್ತಿ ಇದ್ರೆ ಆರಿಸ್ದೇ ವಾಪಸ್ ಕರ್ಕಂಡ್ ಬರ್ತಾರೆ."

"ವಾಪಸ್ಸಾ?" ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಈಚಲು ಮರ ಅತ್ತೋನು ಗಾಳಿ ಬಂತು ಅಂತ ಇಳ್ಕಂಡ್ ಬಂದಿದ್ದು ನೋಡಿದ್ದೀಯೇನು?"

"ಇಳ್ದಿದ್ರೆ ಸಾಯ್ತಿರ್ಲಿಲ್ಲ. ಓದ್ವರ್ಸ ಬಿದ್ದು ಸತ್ನಲ್ಲ."

"ಅವ್ನು ಕುಡ್ದಿದ್ದ."

"ಗುಂಡುಕಲ್ಲು ಎತ್ತೋಕೋಗಿ ಸೊಂಟ ಮುರ್ಕಂಡೋನು?"

"ಅವ್ನಿಗೆ ತಾಕತ್ತಿರ್ಲಿಲ್ಲ."

ಯಾರು ಬಿದ್ದರೂ ಯಾರು ಸತ್ತರೂ ತಮ್ಮನ ಹತ್ತಿರ ಒಂದು ಕಾರಣ ಇರುತ್ತಿತ್ತು. ಅಮ್ಮ ಅಣ್ಣನ ತಟ್ಟೆಗೆ ಇನ್ನೊಂದು ಮುದ್ದೆ ಇಕ್ಕುತ್ತ, "ನೀನು ಏನಾದ್ರೂ ಅನ್ನು ಮಗಾ, ಬಾವಿ ನಮ್ದು. ಆಕಾಸ ಯಾರ್ದು?" ಎಂದಳು. ನನಗೂ ಅಮ್ಮನ ಮಾತೇ ಸರಿ ಅನ್ನಿಸಿತು.

ಮಾರನೆಯ ದಿನ ಹೊತ್ತೇರಿದ ಮೇಲೆ ಇಬ್ಬರೂ ಬಾವಿಗೆ ಬಂದರು. ಅಂದು ಮೊದಲು ನೀರಿಗೆ ಇಳಿದಿದ್ದ ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ. ದೊಡ್ಡಪ್ಪ ದ್ರಾಕ್ಷಿ ತೋಟಕ್ಕೆಂದು ಅದೇ ಬಾವಿಗೆ ಹೊಸದಾಗಿ ಕರೆಂಟಿನ ಮೋಟಾರು ಕೂರಿಸಿದ್ದ. ಅದು ಬಿಡದೆ ಓಡಿದ್ದು ಅಂದೇ ಮೊದಲು. ಬೆಳಗಿನಿಂದ ಅದರ ಸದ್ದು ನನ್ನ ಕಿವಿಯ ಮೇಲೇ ಬೀಳುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಕರೆಂಟು ಹೋಗಿ ನಿಂತಿತ್ತು, ಅಷ್ಟೆ.

ತಮ್ಮ ಅಡ್ಡಮರ ಹತ್ತಿದ. ಅಣ್ಣ ಎದುರು ದಡದಲ್ಲಿ ನಿಂತು ಬಗ್ಗಿ ನೋಡಿದ.

"ಏಯ್, ಇಳಿಯೋ. ಕಲ್ಲು ಇಷ್ಟು ಮೇಲಕ್ಕೂ ಒದ್ದೆ ಐತೆ. ನೀರು ಈಗ್ಲೇ ಇಳ್ದಿರಂಗೈತೆ. ಎಷ್ಟೈತೆ ನೋಡು."

"ನೋಡ್ರಪ್ಪ, ಛತ್ರಿ ಇಲ್ದೆ ನಮ್ಮಣ್ಣಂಗೆ ನಡುಕ!" ಎಂದ ತಮ್ಮ. ದಡದಲ್ಲಿದ್ದ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಪದ್ಧತಿಯಂತೆ ನನ್ನ ಕಡೆ ತಿರುಗಿ ಕೂಗಿದ.

"ಅಕ್ಕಾ, ಎಷ್ಟ್ನೇ ಮೆಟ್ಲು?"

ಎದ್ದು ಹತ್ತು ಹೆಜ್ಜೆ ಹೋಗಿ ಬಗ್ಗಿದ್ದರೆ ಕಾಣುತ್ತಿತ್ತು. ಕೈಯಲ್ಲಿದ್ದ ಸೀರೆಯನ್ನು ಬಂಡೆಗೆ ಬಡಿಯುತ್ತಲೇ, "ಒಂಬತ್ತು ಕಣೋ, ಆರ್ಬೋದು!" ಎಂದೆ.

ನೀರು ಒಂಬತ್ತರಲ್ಲಿದ್ದದ್ದು ಬೆಳಿಗ್ಗೆ. ಅವನು ಹಾರಿದಾಗ ಹದಿನಾಲ್ಕನೆಯದೂ ಹೊರಗೆ ಕಾಣುತ್ತಿತ್ತು. ಅಣ್ಣ ಓಡಿ ಸುತ್ತಿಬಂದು ಇಳಿದ. ಹಗ್ಗದ ಮಂಚವನ್ನು ಇಳಿಬಿಡಿಸಿ, ಬೆನ್ನು ಬಗ್ಗದ ಹಾಗೆ ಪಂಚೆಯಿಂದ ಬಿಗಿದು ಮೇಲೆತ್ತಿಸಿದ. ಹಾಗೆ ಕಟ್ಟಿದ್ದರಿಂದಲೇ ಪ್ರಾಣ ಉಳಿಯಿತು ಎಂದರು ಆಸ್ಪತ್ರೆಯವರು. ಸೊಂಟದ ಕೆಳಗೆ ಮಾತ್ರ ಏನೂ ಉಳಿಯಲಿಲ್ಲ.

ಅಮ್ಮ ತಪ್ಪು ಹೊರಿಸಿದ್ದು ಅಣ್ಣನ ಮೇಲೆ. ಹೊರಟು ನಿಂತವನನ್ನು ಇಳಿ ಅನ್ನುವುದು, ನೀರು ಇಳಿದಿದೆ ಅನ್ನುವುದು, ಅದೇ ಅಪಶಕುನ. ಅವನ ಬಾಯಿಂದ ಬಂದದ್ದೇ ಆಯಿತು. "ಇಷ್ಟು ವರ್ಸ ಆರಿದ್ನಲ್ಲ, ಒಂದ್ ದಿನ ಗಾಯ ಆಗಿತ್ತಾ? ನೀನು ಬಂದು ಬಾಯ್ ಬಿಟ್ಟೆ ನೋಡು" ಎಂದಳು. ಅಣ್ಣನ ತಟ್ಟೆಗೆ ಅನ್ನ ಇಕ್ಕಲಿಲ್ಲ. ಅಣ್ಣ ನನ್ನ ಮುಖ ನೋಡಿದ. ನಾನು ಒಲೆ ಊದುತ್ತ ಕೂತೆ. ರಜ ಮುಗಿಯುವ ಮುಂಚೆಯೇ ಪೆಟ್ಟಿಗೆ ತೆಗೆದುಕೊಂಡು ಹೊರಟುಹೋದ. ಆಮೇಲೂ ಎಷ್ಟೋ ವರ್ಷ ವಿಮಾನದಿಂದ ಹಾರಿದ. ಒಮ್ಮೆ ಕಾಲು ಉಳುಕಿತ್ತಂತೆ.

ತಮ್ಮನ ಉಚ್ಚೆ, ಹೇಲು, ಸ್ನಾನ ಎಲ್ಲ ನನ್ನದೇ ಆಯಿತು. ಪಾಪ ತೀರಿಸಿದೆ ಎಂದು ಯಾರೂ ಅಂದುಕೊಳ್ಳಬೇಡಿ. ಮನೆಯಲ್ಲಿ ಇನ್ಯಾರೂ ಇರಲಿಲ್ಲ, ಮಾಡಿದೆ. ಒಂದು ದಿನ ಬೆನ್ನು ಉಜ್ಜುವಾಗ ಅವನೇ ಮಾತು ತೆಗೆದ.

"ಅಕ್ಕ, ಅಣ್ಣನ್ನ ಕರ್ಸೋಣ. ಅಮ್ಮಂಗೆ ನಾನೇಳ್ತೀನಿ, ಅವ್ನು ಸರ್ಯಾಗೇ ಏಳ್ದ, ಮೆಟ್ಲು ಲೆಕ್ಕ ತಪ್ಪಿದ್ದು ಅಂತ."

"ಲೆಕ್ಕ ಯಾರ್ ಏಳಿದ್ದು ಅಂತ ಕೇಳ್ತಾಳೆ."

ಅವನ ಬೆನ್ನಿಗೆ ಒಂದು ಚೊಂಬು ನೀರು ಹುಯ್ದೆ.

"ಏಳ್ಬೇಡ" ಎಂದೆ.

ಅವನು ಹೇಳಲಿಲ್ಲ. ಅಣ್ಣ ಮತ್ತೆ ಮನೆಗೆ ಬಂದದ್ದು ಅಮ್ಮನ ತಿಥಿಗೆ.