ಇರುವೆಗಳ ಸಾಕ್ಷಿ

ಎಪ್ಪತ್ತರ ದಶಕದಲ್ಲಿ ದಿನಾ ಕೃಷ್ಣರಾಜನಗರದಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗಿ, ಲ್ಯಾಬಿನ ಬಿಳಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದೆ. ಒಂದು ಪಂಜರದವಕ್ಕೆ ಸಕ್ಕರೆ ಕಾಯಿಲೆ ಬರಿಸಿದ್ದರು, ಇನ್ನೊಂದರವು ಗಟ್ಟಿಮುಟ್ಟು. ಎರಡಕ್ಕೂ ನೋವು ಮರೆಸುವ ಮಾರ್ಫಿನ್ ಒಂದೇ ಅಳತೆಯಲ್ಲಿ ಚುಚ್ಚಿ ಬಿಸಿ ತಟ್ಟೆಯ ಮೇಲೆ ಬಿಟ್ಟರೆ, ಕಾಯಿಲೆಯವೇ ನೋವಿಗೆ ನೆಗೆದವು.

"ಕಾಯಿಲೆಯವಕ್ಕೆ ಮದ್ದು ಜಾಸ್ತಿ ಏರಬೇಕು, ನೆಗೆಯಬಾರದು. ಪಂಜರ ಅದಲುಬದಲು ಮಾಡಿದ್ದೀಯ. ತಪ್ಪಾಯ್ತು ಅಂತ ಬರೆದುಕೊಡು, ಇಲ್ಲ ನಾಳೆಯಿಂದ ಬರಬೇಡ," ಎಂದು ಪ್ರೊಫೆಸರ್ ಹಾಳೆ ಚಾಚಿದರು.

"ಬರಿಯಾಕಿಲ್ಲ ಸಾ. ನಮ್ಮೂರು ಭೇರ್ಯದಲ್ಲಿ ಸಕ್ಕರೆ ಕಾಯ್ಲೆ ಕಂಡಿಡಿಯೋದು ಇರುವೆ ಕಣ್ ಸಾ. ಉಚ್ಚೆಗೆ ಮುತ್ಕೊಂಡ್ರೆ ಮುಗೀತು."

ಎರಡೂ ಪಂಜರದ ಉಚ್ಚೆ ಬಿದ್ದ ಅಡಿತಟ್ಟೆ ತಂದು ಅಂಗಳದಲ್ಲಿ ಅವರ ಮುಂದೆಯೇ ಇಟ್ಟೆ. ಇರುವೆ ಮುತ್ತಿದ್ದು ನೆಗೆದ ಇಲಿಗಳ ತಟ್ಟೆಗೇ.

"ಹಾಗಾದರೆ ಮಿದುಳಲ್ಲಿ ಮದ್ದು ಹಿಡಿಯೋ ಜಾಗವೇ ಬದಲಾಗಿರಬೇಕು," ಎಂದು ಗೊಣಗುತ್ತಾ ಪ್ರೊಫೆಸರ್ ಒಳಹೋದರು.

ತಪ್ಪೊಪ್ಪಿಗೆಯ ಖಾಲಿ ಹಾಳೆ ನನ್ನ ಬಳಿಯೇ ಉಳಿದಿತ್ತು. ಅದರ ಮೇಲೆ ಚಿಟಿಕೆ ಸಕ್ಕರೆ ಹಾಕಿ ಸಾಕ್ಷಿಗಳ ಮುಂದಿಟ್ಟೆ.