ಸ್ಯಾಂಟಿಯಾಗೊದಿಂದ ಬ್ಯೂನಸ್ ಐರಿಸ್‌ಗೆ ಆರು ಗಂಟೆ

ಜೆರಿಕೋದ ಆ ಡಾಕ್ಟರನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ಎಪ್ಪತ್ತರ ದಶಕದ ಮೊದಮೊದಲು ತಿಂಗಳಿಗೊಂದು ಭಾನುವಾರ ನಾನೂ ನನ್ನ ಗಂಡನೂ ಮಾರಿಸ್‌ಟೌನ್‌ನಿಂದ ಮ್ಯಾನ್‌ಹ್ಯಾಟನ್ ದಾಟಿ ಅವರ ಮನೆಗೆ ಹೋಗುತ್ತಿದ್ದೆವು. ನಮಗೆ ಗೊತ್ತಿದ್ದ ಕನ್ನಡದವರೆಲ್ಲ ಸೇರುತ್ತಿದ್ದದ್ದು ಅಲ್ಲೇ. ಅಡುಗೆ ನಾವು ಹೆಂಗಸರು ಮಾಡಿಕೊಂಡು ಹೋಗಬೇಕು, ಮಾತೆಲ್ಲ ಅವರದು. ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ಎಲ್ಲರನ್ನೂ ಕೂರಿಸಿ, ದೀಪ ಆರಿಸಿ, ತಮ್ಮ ದಕ್ಷಿಣ ಅಮೆರಿಕದ ಪ್ರವಾಸದ ಸ್ಲೈಡುಗಳನ್ನು ಗೋಡೆಯ ಮೇಲೆ ಬಿಡುತ್ತಿದ್ದರು. ಅದು ಮುಗಿಯುವ ತನಕ ಯಾರಿಗೂ ಊಟವಿಲ್ಲ. ಮೇಲೆ ಅಡುಗೆಮನೆಯಲ್ಲಿ ನನ್ನ ಬಿಸಿಬೇಳೆ ಭಾತು ಆರಿ ಗಟ್ಟಿಯಾಗುತ್ತಿತ್ತು.

ಪ್ರತಿ ಸಲವೂ ಅದೇ ಆಂಡೀಸ್ ಪರ್ವತ, ಅದೇ ವಿಮಾನದ ರೆಕ್ಕೆ. ಸ್ಯಾಂಟಿಯಾಗೊದಿಂದ ಬ್ಯೂನಸ್ ಐರಿಸ್‌ಗೆ ಹಾರಿದ್ದು ಮೊದಲ ಸಲ ಹೇಳಿದಾಗ ಮೂರು ಗಂಟೆ. ಮುಂದಿನ ಬೇಸಿಗೆಯ ಹೊತ್ತಿಗೆ ಆರಕ್ಕೆ ಏರಿತ್ತು, ನಡುವೆ ಬಿರುಗಾಳಿಯೊಂದೂ ಸೇರಿಕೊಂಡಿತ್ತು.

ನಾನು ಮ್ಯಾನ್‌ಹ್ಯಾಟನ್ನಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದೆ. ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದವರಿಗೆ ತಕ್ಷಣ ಉತ್ತರ ಕೊಡಬೇಕು. ತಡವರಿಸಿದರೆ ಮೇಲಿನವಳು ಗದರುತ್ತಿದ್ದಳು. ನಾಲಿಗೆಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಆ ವರ್ಷ ನನ್ನ ತಂಗಿಗೆ ಇಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತು. ವೀಸಾ ಬೇಕೆಂದರೆ ಒಳ್ಳೆಯ ಆದಾಯವಿರುವ ಯಾರಾದರೂ ಅವಳಿಗೆ ಜವಾಬ್ದಾರರೆಂದು ಅಫಿಡವಿಟ್ ಕೊಡಬೇಕು. ನನ್ನ ಗಂಡ ಇನ್ನೂ ಪಿಎಚ್.ಡಿ. ಮಾಡುತ್ತಿದ್ದರು, ನನ್ನ ಸಂಬಳ ಸಾಲದು. ಡಾಕ್ಟರು ಸಹಿ ಹಾಕುವುದಾಗಿ ಮಾತು ಕೊಟ್ಟಿದ್ದರು. ಆ ತಿಂಗಳ ಭಾನುವಾರ ಸಹಿಯಾಗಬೇಕಾದ ಕಾಗದ ನನ್ನ ಕೈಚೀಲದಲ್ಲೇ ಇತ್ತು.

ಸ್ಲೈಡು ನಡೆಯುತ್ತಿದ್ದಾಗ ಹೊಸಬರೊಬ್ಬರು, ಅಷ್ಟು ದೂರ ಹಾರಲು ಆರು ಗಂಟೆ ಬೇಕೇ ಎಂದು ಕೇಳಿದರು. ಡಾಕ್ಟರು ನನ್ನತ್ತ ತಿರುಗಿ, "ನಮ್ಮ ಟ್ರಾವೆಲ್ ಎಕ್ಸ್‌ಪರ್ಟ್ ಇಲ್ಲೇ ಇದ್ದಾಳಲ್ಲ, ಹೇಳಮ್ಮ" ಎಂದರು.

"ಏಳ್ನೂರು ಮೈಲಿ, ಎರಡು ಗಂಟೆ" ಎಂದುಬಿಟ್ಟೆ, ಫೋನಿನಲ್ಲಿ ಹೇಳುವ ಹಾಗೇ.

ಯಾರೋ ಕಿಸಕ್ಕನೆ ನಕ್ಕರು. ದೀಪ ಹತ್ತಿತು. ಊಟವಾದ ಮೇಲೆ ಸಹಿಯ ಮಾತೆತ್ತಿದರೆ, ಲಾಯರನ್ನು ಕೇಳಬೇಕು, ನೋಡೋಣ ಎಂದರು. ಗಂಡ ದಾರಿಯುದ್ದಕ್ಕೂ ನನ್ನನ್ನು ಬೈದರು. ಆಮೇಲೆ ಮೂರು ವಾರ ಯಾವಾಗ ಫೋನ್ ಮಾಡಿದರೂ ಡಾಕ್ಟರು ಸ್ನಾನಕ್ಕೆ ಹೋಗಿರುತ್ತಿದ್ದರು. ಕೊನೆಗೂ ಸಿಕ್ಕಾಗ ನೇರವಾಗಿ ಹೇಳಿದರು.

"ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ. ಅದೇ ಜನರ ಮುಂದೆ ಕರೆಕ್ಟ್ ಮಾಡು. ಆಮೇಲೆ ಸೈನ್ ಮಾಡ್ತೀನಿ."

ಮುಂದಿನ ಸಲ ಹೋದೆ. ಗೋಡೆಯ ಮೇಲೆ ವಿಮಾನದ ರೆಕ್ಕೆ ಬಂದಾಗ ಎದ್ದು ನಿಂತು, ಅವತ್ತು ತಪ್ಪು ಹೇಳಿದ್ದೆ, ಆಫೀಸಿನ ಪುಸ್ತಕದಲ್ಲಿ ನೋಡಿದೆ, ಆರು ಗಂಟೆಯೇ ಎಂದೆ. ಅವರು ದೊಡ್ಡ ಮನಸ್ಸು ಮಾಡಿ, ಇರಲಿ ಬಿಡಮ್ಮ ಎಂದರು. ಊಟಕ್ಕೆ ಮೊದಲೇ ಸಹಿಯೂ ಆಯಿತು.

ತಂಗಿ ಬಂದಳು, ಓದಿದಳು, ಇಲ್ಲೇ ಕೆಲಸಕ್ಕೆ ಸೇರಿದಳು. ಇದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. ನಾನು ಜೆರಿಕೋಗೆ ಹೋಗುವುದನ್ನೇ ಬಿಟ್ಟೆ. ಅವಳು ಹಬ್ಬಹಬ್ಬಕ್ಕೂ ಹೋಗಿ ಡಾಕ್ಟರ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದಳು. ಅವರ ಷಷ್ಟ್ಯಬ್ದಿಗೂ ನಾನು ಬರುವುದಿಲ್ಲ ಎಂದಾಗ ಅವಳಿಗೆ ರೇಗಿತು.

"ಒಂದು ಮಾತೂ ಕೇಳ್ದೆ ನನಗೆ ಸೈನ್ ಹಾಕಿ ಕೊಟ್ಟೋರು ಅವರು. ನೀನೇನು ಮಾಡ್ದೆ ಅಕ್ಕ, ನನಗೋಸ್ಕರ?"

ಡಾಕ್ಟರ ಮೇಲೆ ಎಂದೂ ಬಾರದಷ್ಟು ಸಿಟ್ಟು ಅಂದು ನನ್ನ ತಂಗಿಯ ಮೇಲೆ ಬಂತು.