ಒಂದೇ ಫೋನಿನ ಮುಂದೆ

ನೆಟ್‌ವರ್ಕಿನಲ್ಲಿ ದಟ್ಟಣೆಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮನೆಯಲ್ಲೇ ಕೂತು, ಮಧ್ಯಾಹ್ನದ ಊಟದ ಮಂಪರಿನಲ್ಲಿ ಪರದೆ ನೋಡುತ್ತಿದ್ದರೆ ಮಾಹಿತಿಯ ತುಣುಕುಗಳು ಕಣ್ಣ ಮುಂದೆ ತೇಲಿದಂತಾಗುತ್ತವೆ. ಯಾರದೋ ನಗು, ಯಾರದೋ ಮದುವೆಯ ಫೋಟೊ, ಎಲ್ಲವೂ ಸಣ್ಣ ಸಣ್ಣ ಚೂರಾಗಿ ಒಂದೇ ದಾರಿಯಲ್ಲಿ ಹೋಗುತ್ತಿರುತ್ತವೆ. ದಾರಿ ತುಂಬಿತು ಅನ್ನಿಸಿದ ಕೂಡಲೇ ಕಳಿಸುವ ಯಂತ್ರಗಳು ತಾವಾಗಿಯೇ ನಿಧಾನ ಮಾಡಬೇಕು. ಈ ನಿಯಮ ನನಗೆ ತುಂಬಾ ಇಷ್ಟ. ಯಂತ್ರಗಳಿಗಿರುವ ಈ ಸಂಕೋಚ ನಮ್ಮ ಮನೆಯವರಿಗೆ ಯಾಕಿಲ್ಲ ಅಂತ ಸಿಟ್ಟೂ ಬರುತ್ತದೆ.

ಸುಬ್ರಹ್ಮಣ್ಯಪುರದಲ್ಲಿ ನಮ್ಮದು ಹೊಲವಿದ್ದ ಜಾಗದಲ್ಲೇ ಕಟ್ಟಿದ ಮನೆ. ಕೆಳಗೆ ಅಜ್ಜಿಯ ಜೊತೆ ನಾವು, ಮೇಲೆ ದೊಡ್ಡಪ್ಪ, ಅದರ ಮೇಲೆ ಚಿಕ್ಕಪ್ಪ. ಅಡುಗೆ ಬೇರೆ ಬೇರೆ, ವೈಫೈ ಮಾತ್ರ ಒಂದೇ.

ಮೊನ್ನೆ ಬೇಗೂರಿನ ದೊಡ್ಡಜ್ಜಿ, ಅಂದರೆ ಅಜ್ಜಿಯ ಅಕ್ಕ, ಆಸ್ಪತ್ರೆ ಸೇರಿದಳು. ಮಾರನೆಯ ದಿನ ಗಂಟಲಿನ ಆಪರೇಷನ್. ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಾಲು ಮುರಿದುಕೊಂಡು ಮಲಗಿದ್ದ ಅಜ್ಜಿ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅಕ್ಕನ ದನಿಯನ್ನು ಕೊನೆಯ ಸಲ ಕೇಳಬೇಕೆಂದು ಬೆಳಗಿನಿಂದ ಕಾದಿದ್ದಳು.

ಸಂಜೆ ವಿಡಿಯೋ ಕಾಲ್ ಮಾಡಿದೆವು. ಕಿಟಕಿಯಿಂದ ಬಂದ ಹಳದಿ ಬೆಳಕು ಅಜ್ಜಿಯ ಹೊದಿಕೆಯ ಮೇಲೆ ಬಿದ್ದಿತ್ತು. ದೊಡ್ಡಜ್ಜಿ ಬಾಯಿ ತೆರೆದಳು, ಚಿತ್ರ ಹಾಗೇ ನಿಂತುಬಿಟ್ಟಿತು. ದನಿಯೂ ಚೂರು ಚೂರು. ನೋಡಿದರೆ ಪರದೆಯ ತುಂಬ ನಮ್ಮವರದೇ ಮುಖ! ಆಪರೇಷನ್ನಿಗೆ ಹೋಗುವವರಿಗೆ ಪ್ರತಿಯೊಬ್ಬರೂ ಮುಖ ತೋರಿಸಿ ಧೈರ್ಯ ಹೇಳಬೇಕು, ಅದು ನಮ್ಮ ಮನೆಯ ಪದ್ಧತಿ. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯಿಂದ, ತಮ್ಮ ತಮ್ಮ ಫೋನಿನಿಂದ ಕಾಲ್ ಸೇರಿಕೊಂಡಿದ್ದರು. ಚಿತ್ರ ನಿಂತ ಕೂಡಲೇ ಕಟ್ ಮಾಡಿ ಮತ್ತೆ ಸೇರುತ್ತಿದ್ದರು. ಅಜ್ಜಿಯ ಕಣ್ಣು ತುಂಬಿ ಬಂತು.

ನಾನು ಮೆಟ್ಟಿಲ ಬಳಿ ನಿಂತು ಕಿರುಚಿದೆ. "ಎಲ್ರೂ ಫೋನ್ ಆಫ್ ಮಾಡಿ, ಕೆಳಗ್ ಬನ್ನಿ!"

"ನಾನಿನ್ನೂ ಮಾತೇ ಆಡಿಲ್ವಲ್ಲೇ," ಎಂದರು ಚಿಕ್ಕಪ್ಪ ಮೇಲಿನಿಂದ.

"ಅಜ್ಜೀನೂ ಆಡಿಲ್ಲ ಚಿಕ್ಕಪ್ಪ."

ಗೊಣಗುತ್ತಲೇ ಬಂದು ಎಲ್ಲರೂ ಮಂಚದ ಸುತ್ತ ನಿಂತರು. ಒಬ್ಬೊಬ್ಬರಾಗಿ ತಮ್ಮ ಫೋನ್ ಆಫ್ ಮಾಡಿದರು. ನನಗೆ ಎಲ್ಲವೂ ಕನಸಿನಲ್ಲಿ ನಡೆದಂತಿತ್ತು. ಸ್ವಲ್ಪ ಹೊತ್ತಿಗೆ ಚಿತ್ರ ಅಲುಗಿತು, ದೊಡ್ಡಜ್ಜಿಯ ದನಿ ತಿಳಿಯಾಗಿ ಬಂತು.

"ಏನೇ ಅದು ತಲೆ, ಎಣ್ಣೆ ಕಂಡು ಎಷ್ಟ್ ದಿನ ಆಯ್ತು? ಮಾತ್ರೆ ನುಂಗಿದ್ಯೋ ಇಲ್ವೋ? ನನ್ ಮಾತು ಕೇಳಿದ್ರೆ ಕಾಲ್ ಯಾಕೆ ಮುರೀತಿತ್ತು?"

ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಅಕ್ಕನ ಮುಖ ಕಾಣದಿದ್ದರೂ ಅವಳಿಗೆ ಪರವಾಗಿರಲಿಲ್ಲ.

"ಬೈಯಿ ಅಕ್ಕ," ಎಂದಳು. "ಇನ್ನೂ ಸ್ವಲ್ಪ ಬೈಯಿ."